ಆರು ರನ್ನಿನ ಸೋಲು, ಒಂದು ಮರ, ಮತ್ತೆ ನನ್ನ ಸುಳ್ಳು ನೆನಪು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಕಡಕೊಳದಿಂದ ಮಾತಾಡ್ತಾ ಇದೀನಿ. ಮಧ್ಯದಲ್ಲಿ ರೈಲಿನ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಅದು ಚಾಮರಾಜನಗರದ ಗಾಡಿ. ನಾನು ರೆಕಾರ್ಡ್ ಬಟನ್ ಒತ್ತೋದನ್ನೇ ಕಾಯ್ತಾ ಇರುತ್ತೆ.

ಮೈಸೂರಿನಲ್ಲಿ ಮೂವತ್ತೈದು ದಾಟಿದ, ಕ್ರಿಕೆಟ್ ಹುಚ್ಚು ಇರೋ ಯಾರನ್ನಾದ್ರೂ ನಿಲ್ಲಿಸಿ, “ಗಂಗೋತ್ರಿ, ಆರು ರನ್ನು” ಅಂತ ಅಷ್ಟೇ ಹೇಳಿ. ಅವರ ಮುಖ ಸ್ವಲ್ಪ ಸಣ್ಣಗಾಗುತ್ತೆ. ಆಮೇಲೆ ಕಥೆ ಶುರುವಾಗುತ್ತೆ. ನಾನು ಅಲ್ಲೇ ಇದ್ದೆ, ಬೇಲಿ ಪಕ್ಕದಲ್ಲಿದ್ದೆ, ಮರದ ಮೇಲಿದ್ದೆ. ಹೀಗೆ ಹೇಳೋರನ್ನೆಲ್ಲಾ ಲೆಕ್ಕ ಹಾಕಿದ್ರೆ ಆವತ್ತು ಮೈಸೂರಲ್ಲಿ ಮನೆ ಕಾಯೋಕೆ ಒಬ್ಬರೂ ಇರಲಿಲ್ಲ ಅನ್ಸುತ್ತೆ.

ಆ ಮರದ ಮೇಲಿದ್ದೋರಲ್ಲಿ ನಾನೂ ಒಬ್ಬ. ಕನಿಷ್ಠ ಹದಿನೈದು ವರ್ಷ ಹಾಗಂತ ಹೇಳ್ಕೊಂಡು ಬಂದಿದ್ದೆ. ಅದು ನಿಜ ಅಲ್ಲ ಅಂತ ಇತ್ತೀಚೆಗೆ ಗೊತ್ತಾಯ್ತು. ಬೇಕಂತ ಸುಳ್ಳು ಹೇಳಿದ್ದೂ ಅಲ್ಲ. ನನ್ನ ತಲೆಯೊಳಗೆ ಆ ದೃಶ್ಯ ಈಗಲೂ ಬಣ್ಣಬಣ್ಣವಾಗಿ ಇದೆ. ಹಾಗಾದ್ರೆ ಅದು ಎಲ್ಲಿಂದ ಬಂತು? ಇವತ್ತಿನ ಸಂಚಿಕೆ ಅದರ ಬಗ್ಗೆ. ಹಳೇ ಆಟಗಳ ನೆನಪು ಯಾಕೆ ಇಷ್ಟು ಸಿಹಿ, ಯಾಕೆ ಇಷ್ಟೊಂದು ಸಲ ತಪ್ಪು, ಆ ತಪ್ಪನ್ನ ನಾವು ಏನು ಮಾಡಬೇಕು.

ಮೊದಲು ಮ್ಯಾಚು

ನಿಮ್ಮಲ್ಲಿ ತುಂಬಾ ಜನ ಆಗ ಚಿಕ್ಕ ಮಕ್ಕಳು, ಹಾಗಾಗಿ ವಿವರ ಹೇಳ್ತೀನಿ. ರಣಜಿ ಟ್ರೋಫಿ ಅಂದ್ರೆ ರಾಜ್ಯ ತಂಡಗಳ ನಡುವಿನ ದೊಡ್ಡ ಪಂದ್ಯಾವಳಿ. ಐಪಿಎಲ್ ಥರ ಮೂರು ಗಂಟೆಯಲ್ಲಿ ಮುಗಿಯೋದಲ್ಲ, ದಿನಗಟ್ಟಲೆ ನಡೆಯುತ್ತೆ. 2009-10ರ ಫೈನಲ್‌ಗೆ ಬಂದಿದ್ದು ಕರ್ನಾಟಕ ಮತ್ತು ಮುಂಬೈ. ಜಾಗ, ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿ ಗ್ಲೇಡ್ಸ್ ಮೈದಾನ. ಪಂದ್ಯ ಶುರುವಾಗಿದ್ದು 2010ರ ಜನವರಿ 11ಕ್ಕೆ.

ಮುಂಬೈ ಮೊದಲು 233 ಹೊಡೀತು. ನಮ್ಮೋರು 130ಕ್ಕೆ ಆಲೌಟ್. ಅಲ್ಲಿಗೆ ಅರ್ಧ ಜನ ಕೈ ಬಿಟ್ಟಿದ್ರು. ಎರಡನೇ ಇನ್ನಿಂಗ್ಸ್‌ನಲ್ಲಿ ಅಭಿಮನ್ಯು ಮಿಥುನ್ ಆರು ವಿಕೆಟ್ ಕಿತ್ತು ಮುಂಬೈಯನ್ನ 234ಕ್ಕೆ ಕಟ್ಟಿಹಾಕಿದ. ಗೆಲ್ಲೋಕೆ ಬೇಕಾಗಿದ್ದು 338. ಕೊನೇ ಇನ್ನಿಂಗ್ಸ್‌ನಲ್ಲಿ ಅಷ್ಟು ಹೊಡೆಯೋದು ಹುಡುಗಾಟ ಅಲ್ಲ. 46 ರನ್ ಆಗೋ ಹೊತ್ತಿಗೆ ಮೂರು ವಿಕೆಟ್ ಹೋಗಿತ್ತು.

ಆಗ ಕ್ರೀಸ್‌ಗೆ ಅಂಟಿಕೊಂಡೋರು ಇಪ್ಪತ್ತು ವರ್ಷದ ಮನೀಶ್ ಪಾಂಡೆ ಮತ್ತೆ ಗಣೇಶ್ ಸತೀಶ್. ಇಬ್ಬರೂ ಸೇರಿ 209 ರನ್ ಸೇರಿಸಿದ್ರು. ಸತೀಶ್ 75, ಪಾಂಡೆ 144. ಸ್ಕೋರ್ 255 ಆದಾಗ ಇನ್ನೂ ಮೂರೇ ವಿಕೆಟ್ ಹೋಗಿತ್ತು. ಗೆದ್ದೇಬಿಟ್ವಿ ಅಂತ ಮೈಸೂರು ಎದ್ದು ನಿಂತಿತ್ತು. ಅಲ್ಲಿಂದ ಒಂದೊಂದೇ ವಿಕೆಟ್ ಉದುರಿತು. ಅಜಿತ್ ಅಗರ್ಕರ್ ಐದು ವಿಕೆಟ್ ತಗೊಂಡ. ಕೊನೆ ವಿಕೆಟ್ ಬಿದ್ದಾಗ ಬೋರ್ಡ್ ಮೇಲೆ 331. ಆರು ರನ್ನಿನ ಸೋಲು. ಮುಂಬೈಗೆ ಅದು 39ನೇ ರಣಜಿ ಪ್ರಶಸ್ತಿ.

ಆವತ್ತು ಜನವರಿ 14. ಸಂಕ್ರಾಂತಿ. ಮಾರನೇ ದಿನ ಸೂರ್ಯಗ್ರಹಣ. “ನಮಗೆ ಗ್ರಹಣ ಒಂದು ದಿನ ಮುಂಚೇನೇ ಹಿಡೀತು” ಅಂತ ನಮ್ಮೂರಲ್ಲಿ ಈಗಲೂ ತಮಾಷೆ ಮಾಡ್ತಾರೆ.

ಈ ಅಂಕಿಗಳೆಲ್ಲಾ ಸ್ಕೋರ್‌ಕಾರ್ಡ್‌ನಲ್ಲಿ ಇವೆ. ಯಾರು ಬೇಕಾದ್ರೂ ನೋಡಬಹುದು. ಆದ್ರೆ ಮೈಸೂರಿನೋರು ಹೇಳೋ ಕಥೆಗಳು ಅದರಲ್ಲಿಲ್ಲ. ನನ್ನ ಒಬ್ಬ ಸಂಬಂಧಿ, ರಾಹುಲ್ ದ್ರಾವಿಡ್ ಆ ಫೈನಲ್ ಆಡಿದ್ದನ್ನ ಕಣ್ಣಾರೆ ನೋಡಿದೀನಿ ಅಂತ ಆಣೆ ಮಾಡ್ತಾರೆ. ದ್ರಾವಿಡ್ ಆಡ್ಲೇ ಇಲ್ಲ. ಭಾರತ ತಂಡಕ್ಕೆ ಅದೇ ವಾರ ಬಾಂಗ್ಲಾದೇಶದಲ್ಲಿ ಟೆಸ್ಟ್ ಇತ್ತು. ನಾನು ಅವರನ್ನ ಎಷ್ಟು ಸಲ ಆಡ್ಕೊಂಡಿದೀನೋ ಲೆಕ್ಕ ಇಲ್ಲ. ಈಗ ಆಡ್ಕೊಳ್ಳೋದು ಬಿಟ್ಟಿದೀನಿ. ಯಾಕೆ ಅಂತ ಹೇಳ್ತೀನಿ.

ಮರ

ನನ್ನ ನೆನಪು ಇದು. ಕಡಕೊಳದಿಂದ ಬೆಳಿಗ್ಗೆ ಬಸ್ ಹತ್ತಿದ್ದು. ಮಾನಸಗಂಗೋತ್ರಿಯೊಳಗೆ ಜನಸಾಗರ. ಕೂರೋಕೆ ಜಾಗ ಇಲ್ಲ. ಗೆಳೆಯನೂ ನಾನೂ ಒಂದು ಮರ ಹತ್ತಿದ್ದು. ಕೊಂಬೆ ತೊಡೆಗೆ ಒತ್ತುತಾ ಇತ್ತು. ಕೊನೆ ವಿಕೆಟ್ ಬಿತ್ತು. ಮೈದಾನ ಪೂರ್ತಿ ಮೌನ. ಕೆಳಗೆ ಒಬ್ಬ ಹಿರಿಯರು ಟೋಪಿ ತೆಗೆದು ತಲೆ ಕೆರೆದುಕೊಂಡರು.

ಮೊನ್ನೆ ಅದೇ ಗೆಳೆಯ ಸಿಕ್ಕಿದ್ದ. ನಾನು ಅವನ ಮಗನಿಗೆ ಈ ಕಥೆ ಹೇಳ್ತಾ ಇದ್ದೆ. ಅವನು ಮಧ್ಯದಲ್ಲಿ ತಡೆದ.

“ಏನ್ಲಾ ಬುಡ್ತಾ ಇದೀಯ? ಕೊನೆ ದಿನ ನೀನು ಎಲ್ಲಿ ಬಂದಿದ್ದೆ? ನಾವಿಬ್ರೂ ಹೋಗಿದ್ದು ಹಿಂದಿನ ದಿನ. ಹಬ್ಬದ ದಿನ ನಿಮ್ಮವ್ವ ಬುಡ್ನಿಲ್ಲ. ಹಸು ಕೊಂಬಿಗೆ ಬಣ್ಣ ಬಳೀತಾ ಇದ್ದೆ ನೀನು. ನಾನೇ ಅಲ್ವಾ ಫೋನ್ ಮಾಡಿ ಹೇಳಿದ್ದು?”

ನಾನು ಒಪ್ಪಲಿಲ್ಲ. ವಾದ ಆಯ್ತು. ಅವನು ಒಂದೊಂದೇ ವಿವರ ತೆಗೆದ. ಅವನ ಕೀಪ್ಯಾಡ್ ಫೋನು. ಕರೆನ್ಸಿ ಮುಗಿದು ಕಟ್ ಆಗಿದ್ದು. ಪಕ್ಕದೋರ ಫೋನ್ ಕೇಳಿ ಮತ್ತೆ ಮಾಡಿದ್ದು. “ಟೋಪಿ ತೆಗೆದು ತಲೆ ಕೆರ್ಕೊಂಡ್ರಲ್ಲ ಆ ಯಜಮಾನ್ರು, ಅದನ್ನ ನಾನೇ ಕಣ್ಲಾ ನಿಂಗೆ ಹೇಳಿದ್ದು.”

ಮನೆಗೆ ಬಂದು ಅಮ್ಮನ್ನ ಕೇಳಿದೆ. ಅಮ್ಮ ನಕ್ಕರು. “ಆವತ್ತು ಬಣ್ಣದ ಕೈಯಲ್ಲೇ ಫೋನ್ ಹಿಡಿದು ಬೈಸ್ಕೊಂಡಿದ್ದೆ, ಮರ್ತೋಯ್ತಾ? ಕಿಚ್ಚು ಹಾಯಿಸೋ ಹೊತ್ತಲ್ಲೂ ಮುಖ ಊದಿಸ್ಕೊಂಡೇ ಇದ್ದೆ.”

ಮರ ನಿಜ. ಕೊಂಬೆ ತೊಡೆಗೆ ಒತ್ತಿದ್ದೂ ನಿಜ. ಆದ್ರೆ ಅದು 13ನೇ ತಾರೀಖು. ಕೊನೆ ವಿಕೆಟ್ಟು, ಮೌನ, ಟೋಪಿ, ಇವೆಲ್ಲಾ 14ನೇ ತಾರೀಖು, ಫೋನಿನಲ್ಲಿ ಕೇಳಿದ್ದು. ನನ್ನ ತಲೆ ಎರಡನ್ನೂ ಹೊಲಿದು ಒಂದೇ ಬಟ್ಟೆ ಮಾಡಿಬಿಟ್ಟಿದೆ. ಹೊಲಿಗೆ ಎಲ್ಲಿದೆ ಅಂತ ಈಗಲೂ ನನಗೆ ಕಾಣಿಸ್ತಾ ಇಲ್ಲ.

ಡಿಸೆಂಬರ್‌ನಲ್ಲಿ ಬೇಸ್‌ಬಾಲ್

ಇದು ನನಗೊಬ್ಬನಿಗೇ ಆಗಿದ್ದಲ್ಲ. ಜಗತ್ತಿನ ದೊಡ್ಡ ಮನಶ್ಶಾಸ್ತ್ರಜ್ಞ ಒಬ್ಬರಿಗೂ ಆಗಿತ್ತು, ಅದೂ ಆಟದ ವಿಷಯದಲ್ಲೇ. ಅವರ ಹೆಸರು ಉಲ್ರಿಕ್ ನೈಸರ್. ಜರ್ಮನಿಯಲ್ಲಿ ಹುಟ್ಟಿ, ಚಿಕ್ಕವಯಸ್ಸಲ್ಲೇ ಅಮೆರಿಕಕ್ಕೆ ಬಂದೋರು. ಜ್ಞಾನ, ನೆನಪು, ಗಮನ ಇವುಗಳನ್ನ ಅಧ್ಯಯನ ಮಾಡೋ ಕಾಗ್ನಿಟಿವ್ ಸೈಕಾಲಜಿಗೆ ಆ ಹೆಸರನ್ನ ಗಟ್ಟಿ ಮಾಡಿದ್ದು 1967ರ ಅವರ ಪುಸ್ತಕ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕ್ತು. ನೈಸರ್‌ಗೆ ಆಗ ಹದಿಮೂರು ತುಂಬೋಕೆ ಒಂದೇ ದಿನ ಬಾಕಿ. ಅವರ ನೆನಪು ಹೀಗಿತ್ತು: ಮನೆಯ ಹಾಲಿನಲ್ಲಿ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳ್ತಾ ಇದ್ದೆ, ಅದನ್ನ ಮಧ್ಯದಲ್ಲೇ ನಿಲ್ಲಿಸಿ ದಾಳಿಯ ಸುದ್ದಿ ಹೇಳಿದ್ರು, ನಾನು ಅಮ್ಮನಿಗೆ ಹೇಳೋಕೆ ಓಡಿದೆ. ಎಷ್ಟೋ ವರ್ಷ ಆ ನೆನಪನ್ನ ಅವರು ಅನುಮಾನಿಸಲೇ ಇಲ್ಲ. ಒಂದು ದಿನ ಹೊಳೀತು: ಡಿಸೆಂಬರ್‌ನಲ್ಲಿ ಎಲ್ಲಿಯ ಬೇಸ್‌ಬಾಲ್?

ಬೇಸ್‌ಬಾಲ್ ನಮ್ಮಲ್ಲಿ ಜಾಸ್ತಿ ಪರಿಚಯ ಇಲ್ಲ. ದಾಂಡು, ಚೆಂಡು, ಓಟ, ಎಲ್ಲಾ ಇರೋ ಕ್ರಿಕೆಟ್ಟಿನ ಅಮೆರಿಕದ ದಾಯಾದಿ ಅಂದ್ಕೊಳ್ಳಿ. ಅದರ ಸೀಸನ್ ವಸಂತದಲ್ಲಿ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತೆ. ಚಳಿಗಾಲದಲ್ಲಿ ಆಟ ಇಲ್ಲ. ನೈಸರ್ ಇದನ್ನ 1982ರ ತಮ್ಮ ಪುಸ್ತಕದಲ್ಲಿ ಬರೆದ್ರು, ನೋಡಿ ನನ್ನ ನೆನಪೇ ಹೇಗೆ ಮೋಸ ಮಾಡಿದೆ ಅಂತ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇರೆ ಇಬ್ಬರು ಸಂಶೋಧಕರು 1986ರಲ್ಲಿ ಹಳೇ ದಾಖಲೆ ಹುಡುಕಿದ್ರು. ಆವತ್ತು ರೇಡಿಯೋದಲ್ಲಿ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಬರ್ತಾ ಇತ್ತು. ತಂಡಗಳು ನ್ಯೂಯಾರ್ಕ್ ಜೈಂಟ್ಸ್ ಮತ್ತು ಬ್ರೂಕ್ಲಿನ್ ಡಾಡ್ಜರ್ಸ್. ಅದೇ ಹೆಸರಿನ ಬೇಸ್‌ಬಾಲ್ ತಂಡಗಳೂ ಆಗ ಅದೇ ಊರಲ್ಲಿದ್ವು. ಅಂದ್ರೆ ರೇಡಿಯೋ ನಿಜ, ಪಂದ್ಯ ನಿಜ, ಸುದ್ದಿ ಬಂದಿದ್ದೂ ನಿಜ. ಆಟ ಮಾತ್ರ ಬೇರೆ. ಹುಡುಗನಿಗೆ ಪ್ರೀತಿ ಇದ್ದಿದ್ದು ಬೇಸ್‌ಬಾಲ್ ಮೇಲೆ, ನೆನಪು ಆ ಪ್ರೀತಿ ಇರೋ ಕಡೆಗೇ ವಾಲಿತು.

ಇದು ಓದಿದಾಗ ನನಗೆ ನನ್ನ ಮರ ಕಣ್ಣಿಗೆ ಬಂತು.

ತಲೆಯೊಳಗೆ ಏನಾಗುತ್ತೆ?

ನೆನಪು ಅಂದ್ರೆ ನಿಮ್ಮ ಫೋನಿನ ಗ್ಯಾಲರಿ ಥರ ಅಲ್ಲ. ಗ್ಯಾಲರಿಯಲ್ಲಿ ಫೋಟೋ ಎಷ್ಟು ಸಲ ತೆರೆದ್ರೂ ಅದೇ ಫೋಟೋ. ನೆನಪು ಹಾಗಲ್ಲ. ಪ್ರತಿ ಸಲ ನೆನಪಿಸಿಕೊಂಡಾಗಲೂ ತಲೆ ಅದನ್ನ ಹೊಸದಾಗಿ ಕಟ್ಟುತ್ತೆ. ಕೈಗೆ ಸಿಕ್ಕ ಚೂರುಗಳನ್ನ ಜೋಡಿಸಿ, ನಡುವೆ ಖಾಲಿ ಇದ್ದ ಕಡೆ ‘ಹೀಗಿದ್ದಿರಬೇಕು’ ಅನ್ನೋದನ್ನ ತುಂಬುತ್ತೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ಇದನ್ನ 1932ರಷ್ಟು ಹಿಂದೇನೇ ಬರೆದಿದ್ರು. ಅಮೆರಿಕದ ಮೂಲನಿವಾಸಿಗಳ ಒಂದು ಅಪರಿಚಿತ ಕಥೆಯನ್ನ ಜನರಿಗೆ ಓದಲು ಕೊಟ್ಟು, ದಿನ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಹೇಳಿಸಿದ್ರು. ಪ್ರತಿ ಸಲವೂ ಕಥೆ ಹೇಳೋರ ಊರಿಗೆ, ಅವರ ಬದುಕಿಗೆ ಒಗ್ಗುವ ಹಾಗೆ ಬದಲಾಗ್ತಾ ಹೋಯ್ತು. ತಿಳಿಯದ ದೋಣಿ ತಿಳಿದ ದೋಣಿಯಾಯ್ತು.

ಇನ್ನೊಂದು ವಿಷಯ. ಏನಾಯ್ತು ಅನ್ನೋದು ಬೇರೆ, ಅದು ನನಗೆ ಹೇಗೆ ಗೊತ್ತಾಯ್ತು ಅನ್ನೋದು ಬೇರೆ. ಮೊದಲನೆಯದು ಗಟ್ಟಿಯಾಗಿ ಉಳಿಯುತ್ತೆ. ಎರಡನೆಯದು, ಅಂದ್ರೆ ನೋಡಿದ್ದಾ, ಕೇಳಿದ್ದಾ, ಫೋಟೋದಲ್ಲಿ ಕಂಡಿದ್ದಾ ಅನ್ನೋ ಗುರುತು, ಬೇಗ ಅಳಿಸಿ ಹೋಗುತ್ತೆ. ಸಾರು ರುಚಿ ನೆನಪಿರುತ್ತೆ, ಯಾರ ಮನೇಲಿ ಉಂಡಿದ್ದು ಅಂತ ಮರೆಯುತ್ತಲ್ಲ, ಹಾಗೆ. ಅದರಲ್ಲೂ ಚೆನ್ನಾಗಿ ಹೇಳೋರ ಬಾಯಿಂದ ಕೇಳಿದಾಗ ನಾವು ಮನಸ್ಸಿನಲ್ಲೇ ಚಿತ್ರ ಬರ್ಕೊಂಡಿರ್ತೀವಿ. ವರ್ಷಗಳಾದ ಮೇಲೆ ಚಿತ್ರ ಉಳಿಯುತ್ತೆ, ಹೇಳಿದ ದನಿ ಅಳಿಯುತ್ತೆ.

ಮೂರನೆಯದು, ಭಾವನೆ ಜೋರಾಗಿದ್ರೆ ನೆನಪು ಸರಿಯಾಗಿರುತ್ತೆ ಅನ್ನೋದು ನಮ್ಮ ನಂಬಿಕೆ. ನೈಸರ್ ಅದನ್ನೂ ಪರೀಕ್ಷೆ ಮಾಡಿದ್ರು. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ, ಮಾರನೇ ದಿನವೇ ವಿದ್ಯಾರ್ಥಿಗಳ ಕೈಲಿ ‘ಸುದ್ದಿ ಹೇಗೆ ಗೊತ್ತಾಯ್ತು, ಎಲ್ಲಿದ್ರಿ’ ಅಂತ ಬರೆಸಿಟ್ಟುಕೊಂಡ್ರು. ಎರಡೂವರೆ ವರ್ಷದ ನಂತರ ಮತ್ತೆ ಕೇಳಿದ್ರು. ಸುಮಾರು ಕಾಲು ಭಾಗ ಮಂದಿ ಎಲ್ಲಾ ಮುಖ್ಯ ವಿವರಗಳನ್ನೂ ತಪ್ಪು ಹೇಳಿದ್ರು. ತಪ್ಪು ಹೇಳಿದೋರಲ್ಲೂ ಎಷ್ಟೋ ಜನ ಪೂರ್ತಿ ಆತ್ಮವಿಶ್ವಾಸದಿಂದಲೇ ಹೇಳಿದ್ರು. ಅವರದೇ ಕೈಬರಹ ತೋರಿಸಿದ್ರೂ ಹಳೇ ನೆನಪು ವಾಪಸ್ ಬರಲಿಲ್ಲ.

ಒಂದು ಸ್ವಾರಸ್ಯ ನೋಡಿ. ನಮ್ಮ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಏನು ಪಾಠ ಮಾಡ್ತಿದ್ರು ಗೊತ್ತಾ? ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ. ‘ಆಕಾಶವಾಣಿ’ ಅನ್ನೋ ಹೆಸರಿನಲ್ಲಿ ಊರಿಗೆ ದನಿ ಮುಟ್ಟಿಸಿದ್ದು ಮನಸ್ಸಿನ ಮೇಷ್ಟ್ರು. ಕೇಳಿದ್ದು ಕಂಡ ಹಾಗೆ ಆಗೋ ಊರಿಗೆ ಇದಕ್ಕಿಂತ ಸರಿಯಾದ ಹಿನ್ನೆಲೆ ಬೇಕಾ?

ಮೇಷ್ಟ್ರು

ಈಗ ನಾನು ಹೇಳಲೇಬೇಕಾದ ಭಾಗಕ್ಕೆ ಬರ್ತೀನಿ. ಇದನ್ನ ಹೇಳೋಕೆ ಸ್ವಲ್ಪ ನಾಚಿಕೆ ಇದೆ.

ನಮ್ಮ ಬೀದಿಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ಇದ್ರು. ಸಂಜೆ ಟೀ ಅಂಗಡಿ ಬೆಂಚಿನ ಮೇಲೆ ಕೂತು ಹಳೇ ಮ್ಯಾಚುಗಳ ಕಥೆ ಹೇಳೋರು. ನಮ್ಮ ತಂಡದ ಇತಿಹಾಸ ನಾನು ಕಲ್ತಿದ್ದು ಅವರಿಂದ. ರಣಜಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ನಡೆದಿದ್ದು, ಅದನ್ನ ಆಡಿದ್ದು ಮದ್ರಾಸು ಮತ್ತು ನಮ್ಮ ಮೈಸೂರು ತಂಡ ಅಂತ ಅವರೇ ಹೇಳಿದ್ದು. ಆ ಮ್ಯಾಚು ಒಂದೇ ದಿನಕ್ಕೆ ಮುಗೀತು! ಮೈಸೂರು 48 ಮತ್ತು 59. ಮದ್ರಾಸು ಒಂದೇ ಸಲ 130 ಹೊಡೆದು, ಇನ್ನಿಂಗ್ಸ್ ಮತ್ತು 23 ರನ್ನಿಂದ ಗೆದ್ದಿತು. ಎ.ಜಿ. ರಾಮ್ ಸಿಂಗ್ ಒಬ್ಬರೇ ಹನ್ನೊಂದು ವಿಕೆಟ್. “ಶುರುವಿನಲ್ಲೇ ಮಧ್ಯಾಹ್ನದ ಊಟ ಜೀರ್ಣ ಆಗದಂಗೆ ಮಾಡುದ್ರು ಕಣಪ್ಪಾ” ಅನ್ನೋರು. ನಾನು ಆಮೇಲೆ ಹುಡುಕಿ ನೋಡಿದೆ, ಒಂದಂಕಿಯೂ ತಪ್ಪಿರಲಿಲ್ಲ.

ಅವರ ಮುಖ್ಯ ಕಥೆ 1974ರ ಸೆಮಿಫೈನಲ್. ಅದನ್ನ ಅರ್ಥ ಮಾಡ್ಕೋಬೇಕಾದ್ರೆ ಒಂದು ಹಿನ್ನೆಲೆ ಬೇಕು. ಬಾಂಬೆ ತಂಡ 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ರಣಜಿ ಗೆದ್ದಿತ್ತು. ನಡುವೆ 1959-60ರ ಫೈನಲ್‌ನಲ್ಲಿ ಸೋತೋರು ನಾವೇ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಅಂತ ಆಯ್ತು. ಅದೇ ಸೀಸನ್ನಿನಲ್ಲಿ, ಹೊಸ ಹೆಸರಿನ ತಂಡ ಬೆಂಗಳೂರಿನಲ್ಲಿ ಬಾಂಬೆಯನ್ನ ಎದುರಿಸಿತು. ನಾಯಕ ಇ.ಎ.ಎಸ್. ಪ್ರಸನ್ನ.

ಕರ್ನಾಟಕ 385. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆಯ ಸರದಿ ಬಂದಾಗ ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್. ಆದ್ರೂ ಅಜಿತ್ ವಾಡೇಕರ್ ನಿಂತು ಆಡ್ತಾ ಇದ್ರು. ಆಗ ಆ ಕ್ಷಣ ಬಂತು. ರನ್ನಿಗೆ ಹೊರಟ ವಾಡೇಕರ್ ಹಿಂದಕ್ಕೆ ತಿರುಗುವಾಗ ಜಾರಿದ್ರು. ಸುಧಾಕರ್ ರಾವ್ ಎಸೆತ ಬಂತು. ರನ್ ಔಟ್. ಬಾಂಬೆ 307ಕ್ಕೆ ಮುಗೀತು. ನಾಕೌಟ್ ಪಂದ್ಯ ಪೂರ್ತಿ ಆಗದಿದ್ರೆ ಮೊದಲ ಇನ್ನಿಂಗ್ಸ್ ಮುನ್ನಡೆ ಯಾರದೋ ಅವರು ಮುಂದಕ್ಕೆ. 78 ರನ್ನಿನ ಮುನ್ನಡೆಯಲ್ಲಿ ಕರ್ನಾಟಕ ಫೈನಲ್‌ಗೆ ಹೋಯ್ತು. ಜೈಪುರದಲ್ಲಿ ರಾಜಸ್ಥಾನವನ್ನ 185 ರನ್ನಿಂದ ಸೋಲಿಸಿ ಮೊದಲ ಸಲ ಟ್ರೋಫಿ ತಂತು.

ಸ್ಕೋರ್‌ಕಾರ್ಡ್‌ನಲ್ಲಿ ‘ರನ್ ಔಟ್’ ಅಂತ ಮಾತ್ರ ಇರುತ್ತೆ. ಜಾರಿದ್ದು ಇರಲ್ಲ. ವಿಶ್ವನಾಥ್ ಆಡಿದ ಮೊದಲ ಚೆಂಡಿಗೇ ದೊಡ್ಡ ಎಲ್‌ಬಿಡಬ್ಲ್ಯೂ ಅಪೀಲ್ ಆಗಿತ್ತು, ಅಂಪೈರ್ ತಲೆ ಆಡಿಸಿದ್ರು ಅಂತ ಆ ಕಾಲದೋರು ಈಗಲೂ ಹೇಳ್ತಾರೆ. ಅದಕ್ಕೂ ಸ್ಕೋರ್‌ಕಾರ್ಡ್‌ನಲ್ಲಿ ಜಾಗ ಇಲ್ಲ. ಅದನ್ನೆಲ್ಲಾ ಉಳಿಸಿರೋದು ಜನರ ಬಾಯಿ.

ಮೇಷ್ಟ್ರು ಹೇಳೋರು: “ನನ್ನ ಕಣ್ಣೆದುರಿಗೇ ಕಣಪ್ಪಾ, ಹತ್ತು ಮಾರು ದೂರ ಇಲ್ಲ, ವಾಡೇಕರ್ ಜಾರಿದ್ದು.” ಕೈಯಲ್ಲಿದ್ದ ಟೀ ಲೋಟ ಹಾಗೇ ಓರೆ ಮಾಡಿ ತೋರಿಸೋರು.

2009ರ ಸುಮಾರಿಗೆ, ನನಗೆ ಕಾಲೇಜಿನ ಅಹಂಕಾರ. ಒಂದು ಸಂಜೆ ಅಂಗಡಿ ತುಂಬಾ ಜನ ಇದ್ರು. ನಾನು ಕೇಳಿದೆ: “ಮೇಷ್ಟ್ರೇ, ಹೋದ ತಿಂಗಳು ಸ್ಕೂಲಲ್ಲಿ ಪರೀಕ್ಷೆ ಪೇಪರ್ ತಿದ್ದುತಾ ಟ್ರಾನ್ಸಿಸ್ಟರ್‌ನಲ್ಲಿ ಕೇಳಿದೆ ಅಂದ್ರಲ್ಲ? ಯಾವುದು ನಿಜ? ಸ್ಟೇಡಿಯಂನಲ್ಲಿದ್ರೋ, ಸ್ಕೂಲಲ್ಲಿದ್ರೋ?”

ಎಲ್ಲರೂ ನಕ್ಕರು. ಮೇಷ್ಟ್ರೂ ನಗೋಕೆ ನೋಡಿದ್ರು. ಸ್ವಲ್ಪ ಯೋಚನೆ ಮಾಡಿದ್ರು. “ಹೌದಲ್ವಾ” ಅಂದ್ರು. ಲೋಟ ಕೆಳಗಿಟ್ಟು, ಕಾಸು ಕೊಟ್ಟು, ಹೊರಟು ಹೋದ್ರು. ಆಮೇಲೆ ಅವರು ನನ್ನೆದುರು ಆ ಕಥೆ ಹೇಳಲಿಲ್ಲ. ಬೇರೆ ಕಥೆಗಳೂ ಕಮ್ಮಿಯಾದ್ವು. ನಾನು ಅವರನ್ನ ಗೆದ್ದೆ ಅಂದ್ಕೊಂಡಿದ್ದೆ.

ಮೇಷ್ಟ್ರು ಈಗಿಲ್ಲ. ಹೋದ ವರ್ಷ ತೀರಿಕೊಂಡ್ರು. ಅವರ ದನಿ ನನ್ನ ಫೋನಿನಲ್ಲಿ ಒಂದು ನಿಮಿಷವೂ ಇಲ್ಲ. ನಾನು ಪಾಡ್‌ಕಾಸ್ಟ್ ಮಾಡೋನು, ಊರೂರಿನೋರ ದನಿ ಹಿಡಿದಿಟ್ಟಿದೀನಿ. ನಮ್ಮ ಬೀದಿಯದು ಬಿಟ್ಟೆ.

ನನ್ನ ಮರದ ಕಥೆ ಬಿಚ್ಚಿಕೊಂಡ ಮೇಲೆ ತಡೆಯೋಕೆ ಆಗಲಿಲ್ಲ. ಅವರ ಮನೆಗೆ ಹೋದೆ. ಅವರ ಶ್ರೀಮತಿ ಒಳಗೆ ಕರೆದು ಕೂರಿಸಿದ್ರು. ಆಂಟಿ, ಮೇಷ್ಟ್ರು ಆ ಮ್ಯಾಚಿಗೆ ಹೋಗಿದ್ರಾ ಅಂತ ಕೇಳಿದೆ.

“ಹೋಗಿದ್ರು ಅಂತಾನೇ ಹೇಳೋರು. ಒಂದು ದಿನ ರಜ ಹಾಕಿ ರೈಲಲ್ಲಿ ಬೆಂಗಳೂರಿಗೆ ಹೋಗಿ, ವಿಶ್ವನಾಥ್ ಆಟ ನೋಡ್ಕೊಂಡು ರಾತ್ರಿ ಗಾಡಿಗೇ ವಾಪಸ್ ಬಂದ್ರಂತೆ. ಪರೀಕ್ಷೆ ಸಮಯ ಅಲ್ವಾ, ಜಾಸ್ತಿ ರಜ ಎಲ್ಲಿ ಕೊಡ್ತಾರೆ? ಉಳಿದಿದ್ದು ರೇಡಿಯೋದಲ್ಲಿ ಕೇಳಿದ್ದು.”

ಎರಡೂ ನಿಜ. ಸ್ಟೇಡಿಯಮ್ಮೂ ನಿಜ, ಪೇಪರ್ ತಿದ್ದಿದ್ದೂ ನಿಜ. ಒಂದು ದಿನ ನೋಡಿದ್ರು, ಇನ್ನೊಂದು ದಿನ ಕೇಳಿದ್ರು. ನೋಡಿ ಬಂದಿದ್ದ ಮೈದಾನದೊಳಕ್ಕೆ ಕೇಳಿದ ಸುದ್ದಿಯನ್ನ ಕೂರಿಸಿದ್ರು. ನಾನು ಮಾಡಿದ್ದೂ ಅದನ್ನೇ. ಅವತ್ತು ಟೀ ಅಂಗಡಿಯಲ್ಲಿ ನಾನು ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು: “ಯಾವ ದಿನ ಹೋಗಿದ್ರಿ, ಮೇಷ್ಟ್ರೇ?”

ಹಾಗಾದ್ರೆ ಸತ್ಯ ಬೇಡ್ವಾ?

ಬೇಕು. ಖಂಡಿತ ಬೇಕು. ಬೇಸ್‌ಬಾಲ್‌ನೋರು ನೂರೈವತ್ತು ವರ್ಷದಿಂದ ಪ್ರತಿ ಆಟವನ್ನೂ ಅಂಕಿಯಲ್ಲಿ ಬರೆದಿಡ್ತಾರೆ. ಅದನ್ನ ‘ಬಾಕ್ಸ್ ಸ್ಕೋರ್’ ಅಂತಾರೆ. ಆ ಪದ್ಧತಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದ ಪತ್ರಕರ್ತ, ಮೊದಲು ಕ್ರಿಕೆಟ್ ವರದಿ ಮಾಡ್ತಿದ್ದೋರು. ಕ್ರಿಕೆಟ್ಟಿನ ಸ್ಕೋರ್‌ಕಾರ್ಡೇ ಅವರಿಗೆ ಮಾದರಿ. ಇಷ್ಟೆಲ್ಲಾ ಬರೆದಿಟ್ಟೂ, ಬೇಸ್‌ಬಾಲ್‌ನ ದೊಡ್ಡ ಕಥೆಯೊಂದು ಇವತ್ತಿಗೂ ತೀರ್ಮಾನ ಆಗಿಲ್ಲ. 1932ರ ಅಕ್ಟೋಬರ್ 1ರಂದು ಷಿಕಾಗೋದಲ್ಲಿ ಬೇಬ್ ರೂತ್ ಮೈದಾನದ ಕಡೆ ಕೈ ತೋರಿಸಿ, ಆಮೇಲೆ ಚೆಂಡನ್ನ ಅತ್ತಲೇ ಹೊರಗೆ ಹೊಡೆದ್ರು ಅಂತ ಕಥೆ. ಚೆಂಡು ಹಾಕಿದ ಚಾರ್ಲಿ ರೂಟ್, ಅವನು ಹಾಗೆ ತೋರಿಸಲೇ ಇಲ್ಲ ಅಂತ ಕೊನೆವರೆಗೂ ಹೇಳಿದ್ರು. ಪ್ರೇಕ್ಷಕರು ತೆಗೆದ ಫಿಲ್ಮ್ ಸಿಕ್ಕಿದೆ. ಕೈ ಎತ್ತಿದ್ದು ಕಾಣುತ್ತೆ. ಎತ್ತ ತೋರಿಸಿದ್ದು, ಯಾರಿಗೆ ತೋರಿಸಿದ್ದು ಅನ್ನೋದು ಕಾಣಲ್ಲ. ಸ್ಕೋರಿನಲ್ಲಿ ಇರೋದು ‘ಹೋಮ್ ರನ್’ ಅಂತ ಅಷ್ಟೇ.

ಹಾಗಾಗಿ ನಾನು ಒಂದು ಲೆಕ್ಕ ಇಟ್ಕೊಂಡಿದೀನಿ. ಕಥೆ ಇನ್ನೊಬ್ಬರ ಮೇಲೆ ತಪ್ಪು ಹೊರಿಸ್ತಾ ಇದ್ರೆ, ಅಂದ್ರೆ ಇವನು ಕ್ಯಾಚ್ ಬಿಟ್ಟ, ಅಂಪೈರ್ ಮೋಸ ಮಾಡಿದ ಅಂತ ಇದ್ರೆ, ದಾಖಲೆ ನೋಡದೆ ನಂಬಬೇಡಿ, ಫಾರ್ವರ್ಡ್ ಅಂತೂ ಮಾಡಲೇಬೇಡಿ. ಆದ್ರೆ ಕಥೆ ಹೇಳೋರ ಬಗ್ಗೇನೇ ಇದ್ರೆ, ನಾನು ಅಲ್ಲಿದ್ದೆ, ನನ್ನ ಎದೆ ಹೀಗೆ ಹೊಡ್ಕೊಳ್ತಿತ್ತು ಅಂತ ಇದ್ರೆ, ಮೊದಲು ಪೂರ್ತಿ ಕೇಳಿ. ತಾಳೆ ನೋಡೋದು ಆಮೇಲೆ, ಒಬ್ಬರೇ ಕೂತು. ಎಲ್ಲರೆದುರು ಅಲ್ಲ.

ಕೇಳೋದು ಹೇಗೆ? ನಾನು ತಡವಾಗಿ ಕಲ್ತಿದ್ದು ಹೇಳ್ತೀನಿ. “ಏನಾಯ್ತು?” ಅನ್ನೋದಕ್ಕಿಂತ “ಯಾರ ಜೊತೆ ಹೋಗಿದ್ರಿ? ಹೇಗೆ ಹೋದ್ರಿ? ಏನು ತಿಂದ್ರಿ? ಮನೆಗೆ ಬಂದಾಗ ಯಾರು ಬಾಗಿಲು ತೆಗೆದ್ರು?” ಅಂತ ಕೇಳಿ. ಇಂಥ ಪ್ರಶ್ನೆಗೆ ನೆನಪಿನ ಹೊಲಿಗೆ ತಾನಾಗೇ ಕಾಣಿಸುತ್ತೆ, ಹೇಳೋರಿಗೆ ಅವಮಾನವೂ ಆಗಲ್ಲ. ಎರಡು ಸಲ ಎರಡು ಥರ ಹೇಳಿದ್ರೆ ಎರಡನ್ನೂ ಇಟ್ಕೊಳ್ಳಿ. ಫೋನನ್ನ ಮುಖದ ಮುಂದೆ ಹಿಡೀಬೇಡಿ. ಹೇಳಿ, ಒಪ್ಪಿಗೆ ತಗೊಂಡು, ಮೇಜಿನ ಮೇಲೆ ಇಟ್ಟುಬಿಡಿ. ಫೈಲಿಗೆ ಹೆಸರು, ತಾರೀಖು ಹಾಕಿ. 1974ರಲ್ಲಿ ಇಪ್ಪತ್ತರ ಹುಡುಗ ಆಗಿದ್ದೋರಿಗೆ ಈಗ ಎಪ್ಪತ್ತು ದಾಟಿದೆ.

ನೀವೂ ಒಂದು ದಿನ ಇದೇ ಬೆಂಚಿನ ಮೇಲೆ ಕೂರ್ತೀರಿ. 2015ರ ಸೆಮಿಫೈನಲ್‌ನಲ್ಲಿ ವಿನಯ್ ಕುಮಾರ್ 20 ರನ್ ಕೊಟ್ಟು ಆರು ವಿಕೆಟ್ ತಗೊಂಡಿದ್ದು, ಮುಂಬೈ 44ಕ್ಕೆ ಆಲೌಟ್ ಆಗಿದ್ದು ನಿಮಗೆ ನೆನಪಿರಬಹುದು. ಗಂಗೋತ್ರಿಯಲ್ಲಿ ಸೋತಿದ್ದ ತಂಡದಲ್ಲಿ ವಿನಯ್ ಕೂಡ ಇದ್ದ. ಆ ಸಲ ನಾಯಕನಾಗಿ ಗೆದ್ದ, ಫೈನಲ್ಲನ್ನೂ ಗೆದ್ದ. ಅದನ್ನ ಫೋನಿನಲ್ಲಿ ನೋಡಿದೋರು, ಇನ್ನು ಇಪ್ಪತ್ತು ವರ್ಷ ಆದ್ಮೇಲೆ “ನಾನು ಚಿನ್ನಸ್ವಾಮಿಯಲ್ಲೇ ಇದ್ದೆ” ಅಂದ್ರೆ ನನಗೇನೂ ಆಶ್ಚರ್ಯ ಆಗಲ್ಲ.

ನಾನು ಗೆಳೆಯನಿಗೆ ಫೋನ್ ಮಾಡಿ ಸೋಲು ಒಪ್ಕೊಂಡೆ. ಮತ್ತೆ ಒಂದು ಮಾತು ಕೇಳಿದೆ: ಆ ಕೊನೆ ಓವರುಗಳನ್ನ ನೀನು ಅವತ್ತು ಫೋನಿನಲ್ಲಿ ಹೇಳಿದ ಹಾಗೇ ಇನ್ನೊಂದು ಸಲ ಹೇಳ್ತೀಯಾ, ರೆಕಾರ್ಡ್ ಮಾಡ್ಕೋತೀನಿ. ಅವನು ಹೇಳಿದ. ಹನ್ನೊಂದು ನಿಮಿಷ ಇದೆ. ಅದರಲ್ಲಿ ಎರಡು ಕಡೆ ಸ್ಕೋರ್ ತಪ್ಪು ಹೇಳಿದಾನೆ. ನಾನು ತಿದ್ದಿಲ್ಲ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಕೇಳಿಸ್ತೀನಿ.

ಅಲ್ಲಿವರೆಗೆ, ನಿಮ್ಮ ಮನೆಯಲ್ಲಿ ಯಾರಾದ್ರೂ “ನನ್ನ ಕಣ್ಣೆದುರಿಗೇ” ಅಂತ ಶುರು ಮಾಡಿದ್ರೆ, ಸುಮ್ನೆ ಕೂತು ಕೇಳಿ.